ಸಿಡಿಲಿನ ಮಾರನೇ ದಿನದಿಂದ ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ, ಅಪ್ಪನ ಮಳೆ ಲೆಕ್ಕ ಅದರೊಳಗೇ ಇದೆ

ಕೊಟ್ಟಿಗೆಹಾರದ_ಮಗಳು
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದ ಹತ್ತಿರ. ಶನಿವಾರ ಸಂಜೆ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಂತು, ಜೊತೆಗೆ ಗುಡುಗು ಸಿಡಿಲು. ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಭಾನುವಾರ ಬೆಳಿಗ್ಗೆ ಅಪ್ಪ ಮಳೆ ಬರೆಯೋಕೆ ಅಂತ ಲ್ಯಾಪ್‌ಟಾಪ್ ಬಟನ್ ಒತ್ತಿದ್ರೆ ಸತ್ತ ಹಾಗೆ ಕೂತಿದೆ. ದೀಪ ಇಲ್ಲ, ಫ್ಯಾನ್ ಸದ್ದಿಲ್ಲ, ಚಾರ್ಜರ್ ಹಾಕಿದ್ರೂ ಅಷ್ಟೇ. ಐದಾರು ವರ್ಷದ್ದು, ವಾರಂಟಿ ಯಾವತ್ತೋ ಮುಗಿದಿದೆ.

ನಿನ್ನೆ ಪೇಟೆಯಲ್ಲಿ ಒಂದು ಅಂಗಡಿಗೆ ತಗೊಂಡು ಹೋದೆ. ಬಿಚ್ಚಲೂ ಇಲ್ಲ, ಮೀಟರ್ ಇಡಲೂ ಇಲ್ಲ. "ಸಿಡಿಲಿಗೆ ಮದರ್‌ಬೋರ್ಡ್ ಹೋಗಿದೆ ಮೇಡಂ, 14 ಸಾವಿರ ಆಗುತ್ತೆ, ಅದರ ಬದಲು ಹೊಸದೇ ತಗೊಳ್ಳಿ" ಅಂದ್ರು.

ದುಡ್ಡಿಗಿಂತ ದೊಡ್ಡ ಚಿಂತೆ ಬೇರೆ ಇದೆ. ಅಪ್ಪ 1994ರಿಂದ ತೋಟದ ಮಳೆ ದಿನಾ ಬರೆದಿಟ್ಟಿದ್ದಾರೆ. ನೋಟ್‌ಬುಕ್‌ಗಳಿಗೆ ಗೆದ್ದಲು ಹತ್ತಿದಾಗ, ಲಾಕ್‌ಡೌನ್ ಸಮಯದಲ್ಲಿ ನಾವಿಬ್ಬರೂ ಕೂತು ಅಷ್ಟನ್ನೂ ಎಕ್ಸೆಲ್‌ಗೆ ಹಾಕಿದ್ವಿ. ಅಪ್ಪ ಓದೋರು, ನಾನು ಟೈಪ್ ಮಾಡೋಳು. ಬೇರೆ ಕಾಪಿ ಇಲ್ಲ. ಆ ನೋಟ್‌ಬುಕ್‌ಗಳಲ್ಲಿ ಅರ್ಧ ಈಗ ಮಣ್ಣು. ಅಪ್ಪ ಬಾಯಿಬಿಟ್ಟು ಏನೂ ಹೇಳ್ತಿಲ್ಲ, ಆದರೆ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಏನು ಮಾಡಬಹುದು ಹೇಳಿ.

ಬೇಲೂರು_ಬಸ್ಸು
ಚಾರ್ಜರ್ ತೆಗೀರಿ. ಪವರ್ ಬಟನ್ ಪೂರ್ತಿ 30 ಸೆಕೆಂಡ್ ಒತ್ತಿ ಹಿಡೀರಿ. ಬಿಟ್ಟು, ಚಾರ್ಜರ್ ಹಾಕಿ ಆನ್ ಮಾಡಿ. ನನ್ನದು ಎರಡು ಸಲ ಹೀಗೇ ಎದ್ದಿದೆ.

ಅರಸೀಕೆರೆ_ತೆಂಗು
ಸಿಡಿಲು ಅಂದ್ಮೇಲೆ ಮುಗೀತು ಕಣ್ರಿ. ಹೋದ ವರ್ಷ ನಮ್ಮಲ್ಲಿ ಟಿವಿ, ಬೋರ್‌ವೆಲ್ ಸ್ಟಾರ್ಟರ್, ಎರಡು ಎಲ್‌ಇಡಿ ಬಲ್ಬು ಒಂದೇ ಏಟಿಗೆ ಹೋದ್ವು. ಅಂಗಡಿಯವರು ಸುಳ್ಳು ಹೇಳಿರಲ್ಲ.

ಮೀಟರ್_ಮೇಷ್ಟ್ರು
ತೆಂಗು ಅವರೇ, ಆತುರ ಬೇಡ. ನಾನು ಹಾಸನದಲ್ಲಿ ಐಟಿಐ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಟ್ಟವನು. ಮೀಟರ್ ಇಡದೆ ಬೋರ್ಡ್ ಹೋಗಿದೆ ಅನ್ನೋದು, ನಾಡಿ ಹಿಡಿಯದೆ ಕಾಯಿಲೆ ಹೇಳಿದ ಹಾಗೆ.

ಮಗಳೇ, "ಆನ್ ಆಗ್ತಿಲ್ಲ" ಅಂತ ಜನ ಬೇರೆ ಬೇರೆ ತೊಂದರೆಗೆ ಒಂದೇ ಮಾತು ಹೇಳ್ತಾರೆ. ಒಳಗೆ ಕರೆಂಟೇ ಹೋಗ್ತಿಲ್ಲದಿರಬಹುದು. ಕರೆಂಟ್ ಹೋಗಿ, ಫ್ಯಾನ್ ತಿರುಗಿ, ಪರದೆ ಮಾತ್ರ ಕಪ್ಪಗಿರಬಹುದು. ಕಂಪನಿ ಲೋಗೋ ಬಂದು ವಿಂಡೋಸ್ ಏಳದೇ ಇರಬಹುದು. ಈ ಮೂರಕ್ಕೂ ಔಷಧಿ ಬೇರೆ. ಅದಕ್ಕೆ ಮೊದಲು ಇಷ್ಟು ಹೇಳು: ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತುತ್ತಾ? ಕತ್ತಲಲ್ಲಿ ಪರದೆ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟರೆ ಮಸುಕಾಗಿ ಏನಾದರೂ ಕಾಣುತ್ತಾ? ಅವತ್ತು ರಾತ್ರಿ ಲ್ಯಾಪ್‌ಟಾಪ್ ಗೋಡೆಗೆ ಚುಚ್ಚಿತ್ತಾ? ಮನೆಯಲ್ಲಿ ಬೇರೆ ಏನಾದರೂ ಹೋಗಿದೆಯಾ?

ಕೊನೇ ಪ್ರಶ್ನೆ ಬಹಳ ಮುಖ್ಯ. ಸಿಡಿಲಿನ ಏಟು ಲೈನಿನಲ್ಲಿ ಬಂದರೆ ಒಂದೇ ಒಂದು ಸಾಮಾನನ್ನು ಆರಿಸಿ ಹೊಡೆಯೋದು ಅಪರೂಪ.

ಕಳಸದ_ಹುಡುಗ
ಅಕ್ಕಿ ಡಬ್ಬದಲ್ಲಿ ಎರಡು ದಿನ ಇಡಿ ಅಕ್ಕ, ಮಳೆಗಾಲದ ಥಂಡಿ ಎಳ್ಕೊಳ್ಳುತ್ತೆ.

ಚಿಪ್‌ಲೆವೆಲ್_ಹಾಸನ
@ಕಳಸದ_ಹುಡುಗ ಬೇಡ ತಮ್ಮ. ಅಕ್ಕಿ ಒಳಗಿನ ನೀರು ಎಳೆಯಲ್ಲ, ಅದರ ಪುಡಿ ಫ್ಯಾನಿಗೆ ಸೇರುತ್ತೆ. ಇವರ ಲ್ಯಾಪ್‌ಟಾಪ್ ಒದ್ದೆಯೂ ಆಗಿಲ್ಲ. ಒದ್ದೆಯಾದರೆ ಬ್ಯಾಟರಿ ಕನೆಕ್ಟರ್ ಬಿಚ್ಚಿ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಹಾಕಿ ತೊಳೀಬೇಕು, ಅದೂ ತಡ ಮಾಡದೆ.

ಕೊಟ್ಟಿಗೆಹಾರದ_ಮಗಳು
30 ಸೆಕೆಂಡ್ ಒತ್ತಿದೆ, 60 ಕೂಡ ಒತ್ತಿದೆ, ಏನೂ ಆಗಲಿಲ್ಲ. ಮೇಷ್ಟ್ರೇ, ಕ್ಯಾಪ್ಸ್ ಲಾಕ್ ದೀಪ ಇಲ್ಲ, ಟಾರ್ಚ್‌ನಲ್ಲೂ ಏನೂ ಕಾಣಲ್ಲ. ಅವತ್ತು ಗುಡುಗು ಶುರುವಾದ ಕೂಡಲೇ ಅಮ್ಮ ಎಲ್ಲಾ ಪ್ಲಗ್ ಕಿತ್ತಿದ್ರಂತೆ, ಲ್ಯಾಪ್‌ಟಾಪ್‌ದು ಕಿತ್ತಿದ್ರಾ ಅಂತ ನೆನಪಿಲ್ಲ ಅಂತಾರೆ. ಫ್ರಿಜ್, ಟಿವಿ, ರೂಟರ್ ಎಲ್ಲಾ ಸರಿ ಇದೆ.

ಮೀಟರ್_ಮೇಷ್ಟ್ರು
ರೂಟರ್ ಉಳಿದಿದೆ ಅಂದರೆ ನನಗೆ ಸಿಡಿಲಿನ ಮೇಲೆ ಅನುಮಾನ ಕಮ್ಮಿ ಆಯ್ತು. ಮನೆಯಲ್ಲಿ ಮೊದಲು ಸಾಯೋದು ಸಾಮಾನ್ಯವಾಗಿ ಅದೇ. ಮಲ್ಟಿಮೀಟರ್ ಸಿಕ್ಕರೆ ಚಾರ್ಜರ್ ನೋಡು. ದುಂಡು ಪಿನ್ ಆದರೆ ಒಳಗಿನ ಸುತ್ತು ಪ್ಲಸ್, ಹೊರಗಿನದು ಮೈನಸ್. ಡಿಸಿಯಲ್ಲಿ 19 ಅಥವಾ 19.5 ವೋಲ್ಟ್ ಬರಬೇಕು. ಚಾರ್ಜರ್ ಮೇಲೆ ಔಟ್‌ಪುಟ್ ಅಂತ ಬರೆದಿರುತ್ತೆ, ಅದಕ್ಕೆ ಹೋಲಿಸು.

ಬೇಲೂರು_ಬಸ್ಸು
ಟೈಪ್ ಸಿ ಚಾರ್ಜರ್ ಆಗಿದ್ರೆ 20 ವೋಲ್ಟ್ ಬರಬೇಕು ಅಲ್ವಾ ಸರ್? ನಾನು ಮೀಟರ್ ಇಟ್ಟಾಗ ಏನೂ ಬರಲಿಲ್ಲ ಅಂತ ಹೊಸದು ತಂದೆ.

ಚಿಪ್‌ಲೆವೆಲ್_ಹಾಸನ
ಅಯ್ಯೋ, ಹಳೇ ಚಾರ್ಜರ್ ಎಸೆದಿಲ್ಲ ತಾನೇ? ಟೈಪ್ ಸಿ ಚಾರ್ಜರ್ ಎದುರಿಗೆ ಯಂತ್ರ ಇದೆ ಅಂತ ಗೊತ್ತಾಗೋವರೆಗೂ ವೋಲ್ಟೇಜ್ ಬಿಡಲ್ಲ. ಚುಚ್ಚಿದ ಮೇಲೂ ಮೊದಲು 5 ವೋಲ್ಟ್. ಲ್ಯಾಪ್‌ಟಾಪ್ "ನನಗೆ 20 ಬೇಕು" ಅಂತ ಕೇಳಿಕೊಂಡ ಮೇಲೆ 20. ಬರೀ ಮೀಟರ್ ಇಟ್ಟರೆ ಒಳ್ಳೇ ಚಾರ್ಜರ್ ಕೂಡ ಸೊನ್ನೆ ತೋರಿಸುತ್ತೆ. ಬೇರೆ ಲ್ಯಾಪ್‌ಟಾಪ್‌ಗೆ ಹಾಕಿ ನೋಡೋದೇ ಸರಿಯಾದ ಪರೀಕ್ಷೆ.

ಬೇಲೂರು_ಬಸ್ಸು
ಎಸೆದಿಲ್ಲ ಸರ್, ಅಟ್ಟದ ಮೇಲಿದೆ. ಇವತ್ತೇ ನೋಡ್ತೀನಿ.

ಸಕಲೇಶಪುರ_ರೈಲು
ನೀವೆಲ್ಲಾ ಲ್ಯಾಪ್‌ಟಾಪ್ ಉಳಿಸೋ ಮಾತಾಡ್ತಿದ್ದೀರ. ಅವರಿಗೆ ಬೇಕಿರೋದು ಫೈಲ್. ಬೋರ್ಡ್ ಸತ್ತರೂ ಡಿಸ್ಕ್ ಸಾಯಬೇಕು ಅಂತಿಲ್ಲ. ಹಿಂದಿನ ಮುಚ್ಚಳ ತೆಗೆದರೆ ಎಸ್‌ಎಸ್‌ಡಿ, ಅಂದ್ರೆ ಫೈಲ್ ಇರೋ ಡಿಸ್ಕ್, ಸಿಗುತ್ತೆ, ಚೂಯಿಂಗ್ ಗಮ್ ಪಟ್ಟಿಯಷ್ಟು ಉದ್ದ, ಒಂದೇ ಸ್ಕ್ರೂ. ಯುಎಸ್‌ಬಿ ಕೇಸ್‌ಗೆ ಹಾಕಿ ಬೇರೆ ಕಂಪ್ಯೂಟರ್‌ಗೆ ಚುಚ್ಚಿದರೆ ಪೆನ್‌ಡ್ರೈವ್ ಥರ ತೆರೆಯುತ್ತೆ. ಮೊದಲು ಅದು ಮಾಡಿ, ರಿಪೇರಿ ಆಮೇಲೆ.

ಒಂದು ಎಚ್ಚರ. ಡಿಸ್ಕ್‌ಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದಾಗ ಈ ಬೀಗ ತಾನಾಗೇ ಬಿದ್ದಿರುತ್ತೆ, ನಮಗೆ ಗೊತ್ತೂ ಆಗಿರಲ್ಲ. ಬೋರ್ಡ್ ಬದಲಾಯಿಸಿದರೂ ಆ ಕೀ ಕೇಳುತ್ತೆ, ಯಾಕಂದ್ರೆ ಬೀಗದ ಗುಟ್ಟು ಹಳೇ ಬೋರ್ಡಿನ ಚಿಪ್‌ನಲ್ಲಿ ಇರುತ್ತೆ. ಈಗಲೇ ಫೋನಿನಿಂದ ಅಕೌಂಟ್‌ಗೆ ಲಾಗಿನ್ ಆಗಿ ಕೀ ಇದೆಯಾ ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ.

ಕೊಟ್ಟಿಗೆಹಾರದ_ಮಗಳು
ಕೀ ಸಿಕ್ತು! ಅಕೌಂಟ್‌ನಲ್ಲೇ ಇತ್ತು. ಬರೆದುಕೊಂಡೆ. ಅಪ್ಪನಿಗೆ ಹೇಳಿದೆ, ಫೈಲ್ ಉಳಿದಿರಬಹುದು ಅಂತ. "ಆಗಲಿ ಬಿಡು" ಅಂದು ಕಾಫಿ ಕೇಳಿದ್ರು.

ಡೆಲ್ಟಾ_ಚನ್ನರಾಯಪಟ್ಟಣ
ಫೈಲ್‌ಗೆ ಇಷ್ಟೊಂದು ಯಾಕೆ ತಲೆ ಕೆಡಿಸ್ಕೋತೀರಾ? ಸರ್ಕಾರದ ಮಳೆಮಾಪಕಗಳು ಪಂಚಾಯ್ತಿ ಮಟ್ಟದಲ್ಲೇ ಇವೆ, ಲೆಕ್ಕ ಆನ್‌ಲೈನ್‌ನಲ್ಲಿ ಸಿಗುತ್ತೆ.

ಅರೇಬಿಕಾ_ಗುಡ್ಡ
ಚನ್ನರಾಯಪಟ್ಟಣದ ಬಯಲಿನಲ್ಲಿ ಕೂತು ಹಾಗನ್ನಿಸೋದು ಸಹಜ. ಮಲೆನಾಡಿನಲ್ಲಿ ಗುಡ್ಡದ ಈ ಪಕ್ಕ 60 ಸೆಂಟು ಬಿದ್ದರೆ ಆ ಪಕ್ಕ 10 ಸೆಂಟು. ಹೂಮಳೆ ಒಂದು ಇಂಚು ಬಂತಾ ಇಲ್ಲವಾ ಅನ್ನೋದರ ಮೇಲೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಚ್ಚಬೇಕಾ ಬೇಡವಾ ಅಂತ ತೀರ್ಮಾನ. ಪಂಚಾಯ್ತಿ ಕಟ್ಟಡದ ಮೇಲೆ ಬಿದ್ದ ಮಳೆ ನನ್ನ ಗಿಡಕ್ಕೆ ಬಿದ್ದ ಹಾಗಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದು. ಅಷ್ಟು ಹಳೇ ಸಂಸ್ಥೆ ಜಿಲ್ಲೆಯಲ್ಲೇ ಇದ್ದರೂ ಪ್ರತಿ ತೋಟದವರೂ ಮನೆ ಮುಂದೆ ಮಳೆಮಾಪಕ ಯಾಕೆ ನೆಟ್ಟಿರ್ತಾರೆ ಯೋಚನೆ ಮಾಡಿ.

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಜರಿದು ಚಾರ್ಮಾಡಿ ಘಾಟಿ ಮುಚ್ಚಿತಲ್ಲ, ಆ ವಾರ ಅವರ ತೋಟದಲ್ಲೇ ಎಷ್ಟು ಬಿತ್ತು ಅನ್ನೋದು ಆ ಫೈಲ್ ಬಿಟ್ಟರೆ ಬೇರೆ ಎಲ್ಲೂ ಇರಲ್ಲ. 30 ವರ್ಷದ ಲೆಕ್ಕ. ದುಡ್ಡು ಕೊಟ್ಟರೆ ಸಿಗುತ್ತಾ ಅದು?

ಡೆಲ್ಟಾ_ಚನ್ನರಾಯಪಟ್ಟಣ
ಒಪ್ಪಿದೆ ಸರ್, ಬೇಜಾರು ಮಾಡ್ಕೋಬೇಡಿ. ಸೆಂಟು ಅಂದ್ರೆ ಏನು? ಜಮೀನಿನ ಸೆಂಟಾ?

ಅರೇಬಿಕಾ_ಗುಡ್ಡ
ಅಲ್ಲ. ಒಂದು ಇಂಚಿಗೆ 100 ಸೆಂಟು. ಇಂಚು ಅಂದರೆ 25.4 ಮಿಲಿಮೀಟರ್. ಕಾಫಿ ಸೀಮೆಯಲ್ಲಿ ಮಳೆಯನ್ನ ಈಗಲೂ ಸೆಂಟಿನಲ್ಲೇ ಮಾತಾಡ್ತೀವಿ.

ಶೃಂಗೇರಿ_ಸೀಮೆ
ಮಿಲಿಮೀಟರ್‌ಗೆ ಬರಬೇಕು ಮಾರಾಯ್ರೆ, ಹವಾಮಾನದವರ ಜೊತೆ ಹೋಲಿಸೋಕಾದರೂ.

ಅರೇಬಿಕಾ_ಗುಡ್ಡ
ಎಕ್ಸೆಲ್ ಇದೆಯಲ್ಲ, 0.254ರಿಂದ ಗುಣಿಸಿದರೆ ಆಯ್ತು. ಬಾಯಿಗೆ ಬಂದ ಭಾಷೆ ಯಾಕೆ ಬಿಡಬೇಕು?

ಮೀಟರ್_ಮೇಷ್ಟ್ರು
ಮಳೆ ಜಗಳ ಆಮೇಲೆ. ಚಾರ್ಜರ್ ನೋಡಿದೆಯಾ ಮಗಳೇ?

ಕೊಟ್ಟಿಗೆಹಾರದ_ಮಗಳು
ಪಕ್ಕದ ತೋಟದ ಎಲೆಕ್ಟ್ರಿಷಿಯನ್ ಅಣ್ಣನ ಹತ್ರ ಮೀಟರ್ ತಂದೆ. 19.5 ತೋರಿಸ್ತು. ಅಂದ್ರೆ ಚಾರ್ಜರ್ ಸರಿ, ಬೋರ್ಡೇ ಹೋಗಿದೆ ಅಂತಾನಾ?

ಅರಸೀಕೆರೆ_ತೆಂಗು
ನಾನು ಮೊದಲೇ ಹೇಳಿದ್ನಲ್ಲ.

ಚಿಪ್‌ಲೆವೆಲ್_ಹಾಸನ
ಸ್ವಲ್ಪ ತಡೀರಿ. ಚಾರ್ಜರ್ ತುದಿಯಲ್ಲಿ ಸಣ್ಣ ದೀಪ ಇದೆಯಾ? ಇದ್ದರೆ ಹೀಗೆ ಮಾಡಿ. ಮೊದಲು ಗೋಡೆಗೆ ಹಾಕಿ ಸ್ವಿಚ್ ಹಾಕಿ, ದೀಪ ಹತ್ತಬೇಕು. ಆಮೇಲೆ ಲ್ಯಾಪ್‌ಟಾಪ್‌ಗೆ ಚುಚ್ಚಿ, ದೀಪದ ಮೇಲೇ ಕಣ್ಣಿಡಿ. ಏನಾಗುತ್ತೆ ಹೇಳಿ.

ಕೊಟ್ಟಿಗೆಹಾರದ_ಮಗಳು
ಅಣ್ಣ, ಗೋಡೆಗೆ ಹಾಕಿದಾಗ ದೀಪ ಉರಿಯುತ್ತೆ. ಲ್ಯಾಪ್‌ಟಾಪ್‌ಗೆ ಚುಚ್ಚಿದ ತಕ್ಷಣ ಪಕ್ ಅಂತ ಆರಿಹೋಗುತ್ತೆ! ಎಳೆದರೂ ಮತ್ತೆ ಹತ್ತಲ್ಲ. ಗೋಡೆ ಸ್ವಿಚ್ ಆಫ್ ಮಾಡಿ ಸ್ವಲ್ಪ ಬಿಟ್ಟು ಹಾಕಿದ್ರೆ ಹತ್ತುತ್ತೆ. ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಹಾಗೇ.

ಚಿಪ್‌ಲೆವೆಲ್_ಹಾಸನ
ಇದು ಬೇಕಿತ್ತು ನನಗೆ. ಅದರ ಅರ್ಥ ಕರೆಂಟ್ ಹೋಗೋ ದಾರಿಯಲ್ಲಿ ಎಲ್ಲೋ ಶಾರ್ಟ್ ಇದೆ. ಪ್ಲಸ್ಸು ಮೈನಸ್ಸು ಕೂಡಿಕೊಂಡಿವೆ, ಚಾರ್ಜರ್ ತನ್ನನ್ನು ಕಾಪಾಡಿಕೊಳ್ಳೋಕೆ ಆಫ್ ಆಗ್ತಿದೆ. ಇನ್ನೂ ನಾಲ್ಕೈದು ಸಲ ಅಂತ ಮಾಡ್ತಾ ಕೂರಬೇಡಿ, ಸಾಕು.

ಶಾರ್ಟ್ ಎಲ್ಲಿ ಅನ್ನೋದೇ ಈಗಿನ ಪ್ರಶ್ನೆ. ಚಾರ್ಜರ್ ಚುಚ್ಚೋ ಜ್ಯಾಕ್ ತುಂಬಾ ಮಾಡೆಲ್‌ಗಳಲ್ಲಿ ಬೋರ್ಡ್ ಮೇಲಿರಲ್ಲ, ಒಂದು ಗೇಣು ವೈರ್‌ನ ತುದಿಯಲ್ಲಿರುತ್ತೆ. ಆ ವೈರ್ ಬೋರ್ಡ್‌ನಿಂದ ಕಳಚಿ ಬರೀ ಜ್ಯಾಕ್‌ಗೆ ಚಾರ್ಜರ್ ಹಾಕಿದಾಗ ದೀಪ ಉರಿದೇ ಇದ್ದರೆ ಶಾರ್ಟ್ ಬೋರ್ಡ್‌ನಲ್ಲಿ. ಆಗಲೂ ಪೂರ್ತಿ ಬೋರ್ಡ್ ಬದಲಾಯಿಸಬೇಕಿಲ್ಲ, ಹೆಚ್ಚಾಗಿ ಕೆಪಾಸಿಟರ್ರೋ ಮಾಸ್ಫೆಟ್ಟೋ ಅಂಥ ಒಂದು ಸಣ್ಣ ಭಾಗ ಹೋಗಿರುತ್ತೆ, ಚಿಪ್ ಲೆವೆಲ್ ಕೆಲಸ ಗೊತ್ತಿರೋರು ಅದೊಂದನ್ನೇ ಬದಲಾಯಿಸ್ತಾರೆ. ಬರೀ ಜ್ಯಾಕ್‌ಗೇ ದೀಪ ಆರಿದರೆ ಜ್ಯಾಕ್ ಕಳ್ಳ.

ಬಿಚ್ಚೋಕೆ ಧೈರ್ಯ ಇದೆಯಾ?

ಕೊಟ್ಟಿಗೆಹಾರದ_ಮಗಳು
ಇದೆ. ಆದರೆ ಏನೂ ಹಾಳಾಗಬಾರದು. ಏನೇನು ಎಚ್ಚರ ಬೇಕು ಹೇಳಿ.

ಚಿಪ್‌ಲೆವೆಲ್_ಹಾಸನ
ಚಾರ್ಜರ್ ದೂರ ಇಡಿ. ಸ್ಕ್ರೂಗಳನ್ನು ಯಾವ ಮೂಲೆಯಿಂದ ತೆಗೆದಿರೋ ಅದೇ ಆಕಾರದಲ್ಲಿ ಕಾಗದದ ಮೇಲೆ ಅಂಟಿಸಿಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಬೋರ್ಡ್ ತೂತಾಗುತ್ತೆ. ರಬ್ಬರ್ ಕಾಲಿನ ಕೆಳಗೂ ಸ್ಕ್ರೂ ಇರಬಹುದು. ಮುಚ್ಚಳ ಬಿಡಿಸೋಕೆ ಹಳೇ ಎಟಿಎಂ ಕಾರ್ಡ್ ಸಾಕು, ಸ್ಕ್ರೂಡ್ರೈವರ್ ತುದಿ ತೂರಿಸಬೇಡಿ. ತೆಗೆದ ಕೂಡಲೇ ಬ್ಯಾಟರಿ ನೋಡಿ, ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಉಬ್ಬಿಲ್ಲ ಅಂದರೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಎಳೆಯೋದು, ಆಮೇಲೆ ಮಿಕ್ಕಿದ್ದು.

ಮೀಟರ್_ಮೇಷ್ಟ್ರು
ಇದೊಂದು ಸೇರಿಸ್ತೀನಿ. ಲ್ಯಾಪ್‌ಟಾಪ್ ಒಳಗಿನ 19 ವೋಲ್ಟ್ ಮನುಷ್ಯನನ್ನ ಏನೂ ಮಾಡಲ್ಲ. ಆದರೆ ಚಾರ್ಜರ್ ಡಬ್ಬಿಯನ್ನ ಯಾರೂ ಒಡೆಯಬೇಡಿ. ಗೋಡೆಯ 230 ವೋಲ್ಟ್ ಅದರೊಳಗೆ ಡಿಸಿಯಾದಾಗ ಸುಮಾರು 325 ಆಗುತ್ತೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಕೂತಿರಬಹುದು.

ಶೃಂಗೇರಿ_ಸೀಮೆ
ಅವರು ಬಿಚ್ಚೋವರೆಗೆ ನಮ್ಮ ಮನೆ ಕಥೆ. ಮಗಳ ಲ್ಯಾಪ್‌ಟಾಪ್ ಕೆಲಸ ಮಾಡ್ತಾ ಮಾಡ್ತಾ ಕಪ್ಪಾಗೋದು, ಅಂಗೈ ಎತ್ತಿದರೆ ಬರೋದು. ಎರಡು ತಿಂಗಳು ತಲೆ ಕೆಡಿಸ್ಕೊಂಡ್ವಿ. ಕೊನೆಗೆ ನೋಡಿದ್ರೆ ಕೈಗೆ ಹಾಕೋ ವಾಚ್‌ನ ಪಟ್ಟಿಯಲ್ಲಿ ಅಯಸ್ಕಾಂತ. ಮುಚ್ಚಳ ಮುಚ್ಚಿದೆ ಅಂತ ಪತ್ತೆ ಮಾಡೋ ಸೆನ್ಸರ್ ಅಂಗೈ ಇಡೋ ಜಾಗದಲ್ಲೇ ಇತ್ತು.

ಬೇಲೂರು_ಬಸ್ಸು
ನಮ್ಮ ಹಳೇ ಚಾರ್ಜರ್ ಕೆಲಸ ಮಾಡ್ತಿದೆ! ತಂಗಿ ಲ್ಯಾಪ್‌ಟಾಪ್‌ಗೆ ಹಾಕಿದೆ, ಚಾರ್ಜ್ ಆಗ್ತಿದೆ. ಥ್ಯಾಂಕ್ಸ್ ಸರ್.

ಕೊಟ್ಟಿಗೆಹಾರದ_ಮಗಳು
ಬಿಚ್ಚಿದೆ. ಅಡಿಕೆ ಹಾಳೆ ತಟ್ಟೆಯಲ್ಲಿ ಸ್ಕ್ರೂ ಇಟ್ಕೊಂಡು ಅಪ್ಪ ಟಾರ್ಚ್ ಹಿಡಿದು ಕೂತಿದ್ರು. ಬ್ಯಾಟರಿ ಉಬ್ಬಿಲ್ಲ, ಕನೆಕ್ಟರ್ ಎಳೆದೆ. ಜ್ಯಾಕ್ ವೈರ್ ಬೋರ್ಡ್‌ನಿಂದ ಬಿಡಿಸಿದೆ: ಎರಡು ಕೆಂಪು, ಎರಡು ಕಪ್ಪು, ಒಂದು ತೆಳ್ಳನೆ ವೈರ್. ಬರೀ ಜ್ಯಾಕ್‌ಗೆ ಚಾರ್ಜರ್ ಹಾಕಿದೆ.

ದೀಪ ಆರಿಹೋಯ್ತು!!

ಆಮೇಲೆ ಚಾರ್ಜರ್ ತೆಗೆದು ಮೀಟರನ್ನ ಬೀಪ್‌ನಲ್ಲಿಟ್ಟು ಜ್ಯಾಕ್‌ನ ಕೆಂಪು-ಕಪ್ಪು ಮುಟ್ಟಿಸಿದೆ. ಕೀ ಅಂತ ಕೂಗ್ತು. ಬೋರ್ಡ್ ಕಡೆ ಮುಟ್ಟಿಸಿದ್ರೆ ಕೂಗಲಿಲ್ಲ. ಜ್ಯಾಕ್ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿದ್ವಿ. ಒಂದು ಬದಿಯ ಪ್ಲಾಸ್ಟಿಕ್ ಸುಟ್ಟು ಕರಕಲಾಗಿದೆ, ಅದರ ಪಕ್ಕ ಹಸಿರು ಕಿಲುಬು, ತಾಮ್ರದ ಚೆಂಬಿಗೆ ಹಿಡಿಯುತ್ತಲ್ಲ ಹಾಗೆ. ಎರಡು ಸತ್ತ ಇರುವೆ ಕೂಡ ಇದ್ವು.

ಆಗ ಅಪ್ಪ ಹೇಳ್ತಾರೆ, "ಒಂದು ವಾರದಿಂದ ಚಾರ್ಜರ್ ಅಲ್ಲಾಡಿಸಿದ್ರೆ ಮಾತ್ರ ಹತ್ತುತ್ತಿತ್ತು. ಒಂದು ದಿನ ಸುಟ್ಟ ವಾಸನೆಯೂ ಬಂದಿತ್ತು" ಅಂತ. ಅಂದ್ರೆ ಸಿಡಿಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಬ್ಯಾಟರಿಯಲ್ಲಿದ್ದ ಚಾರ್ಜು ಶನಿವಾರ ರಾತ್ರಿ ಮುಗಿದಿದೆ ಅಷ್ಟೇ.

ಚಿಪ್‌ಲೆವೆಲ್_ಹಾಸನ
ಬೋರ್ಡ್ ಬದುಕಿದೆ. ಸಡಿಲವಾದ ಪಿನ್ ಕಿಡಿ ಹಾರಿಸಿ ಪ್ಲಾಸ್ಟಿಕ್ ಸುಟ್ಟಿದೆ, ಆ ಮಸಿಯೇ ಪ್ಲಸ್ಸು ಮೈನಸ್ಸಿಗೆ ಸೇತುವೆ ಕಟ್ಟಿದೆ. ನಮ್ಮ ಕಡೆ ಥಂಡಿಗೆ ಕಿಲುಬು ಬೇರೆ. ಕೆರೆದು ಬಳಸೋಕೆ ಹೋಗಬೇಡಿ, ಮಸಿ ಒಳಗಿಳಿದಿರುತ್ತೆ, ಮತ್ತೆ ಹೊತ್ತಿಕೊಳ್ಳಬಹುದು. ಮಾಡೆಲ್ ನಂಬರ್ ಹೇಳಿ ವೈರ್ ಸಮೇತ ಹೊಸ ಜ್ಯಾಕ್ ತಗೊಳ್ಳಿ, ಕೆಲವು ನೂರು ರೂಪಾಯಿ ಅಷ್ಟೇ. ಚಾರ್ಜರ್ ಪಿನ್ ಕೂಡ ಕಪ್ಪಾಗಿದೆಯಾ ನೋಡಿ. ಕಪ್ಪಾಗಿದ್ದರೆ ಹೊಸ ಜ್ಯಾಕನ್ನೂ ಅದು ತಿನ್ನುತ್ತೆ.

ಕಳಸದ_ಹುಡುಗ
ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುತ್ತೆ ಅಕ್ಕ, ಅಲ್ಲಿಗೆ ಹೇಳಿ ಕಳಿಸಿ.

ಮೀಟರ್_ಮೇಷ್ಟ್ರು
ಒಂದು ಜ್ಯಾಕ್‌ಗೆ ಬೆಂಗಳೂರು ಯಾಕಪ್ಪಾ? ಹಾಸನದ ಬಿಎಂ ರಸ್ತೆಯಲ್ಲೋ ಚಿಕ್ಕಮಗಳೂರಿನ ಐಜಿ ರಸ್ತೆಯಲ್ಲೋ ಕೇಳಿದರೆ ಸಿಗುತ್ತೆ. ಇಲ್ಲದಿದ್ದರೂ ಎರಡು ದಿನದಲ್ಲಿ ತರಿಸಿಕೊಡ್ತಾರೆ. ನಮ್ಮೂರಲ್ಲೂ ಒಳ್ಳೇ ಕೆಲಸಗಾರರಿದ್ದಾರೆ.

ಅರಸೀಕೆರೆ_ತೆಂಗು
ನನ್ನ ಅಂದಾಜು ತಪ್ಪಾಯ್ತು ತಾಯಿ. ಆದರೂ ಸಿಡಿಲಿನ ವಿಷಯ ಹಗುರ ಮಾಡಬೇಡಿ. ಸ್ಟೆಬಿಲೈಸರ್ ಇದೆ ಅಂತ ಧೈರ್ಯ ಬೇಡ, ಅದು ಸಿಡಿಲು ತಡೆಯಲ್ಲ.

ಮೀಟರ್_ಮೇಷ್ಟ್ರು
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಸ್ಪೈಕ್ ಗಾರ್ಡ್ ಕೂಡ ಅರ್ತಿಂಗ್ ಸರಿ ಇದ್ದರೆ ಮಾತ್ರ ಕೆಲಸಕ್ಕೆ ಬರುತ್ತೆ, ಕೆಲವು ಏಟಿಗೆ ಒಳಗಿನ ಭಾಗ ಸವೆದೂ ಹೋಗುತ್ತೆ. ಎಷ್ಟೋ ಮನೆಯಲ್ಲಿ ಮೂರನೇ ಪಿನ್ ಮುರಿದು ಎರಡು ಪಿನ್ ಸಾಕೆಟ್‌ಗೆ ಚುಚ್ಚಿರ್ತಾರೆ. ಅಂಥ ಮನೆಯ ಲ್ಯಾಪ್‌ಟಾಪ್ ಮುಟ್ಟಿದರೆ ಚಾರ್ಜ್ ಆಗ್ತಿರುವಾಗ ಕೈಗೆ ಜುಮ್ಮೆನ್ನುತ್ತೆ. ಮಳೆ ಮೋಡ ಕಟ್ಟಿದಾಗಲೇ ಪ್ಲಗ್ ಕೀಳಬೇಕು. ಗುಡುಗು ತಲೆ ಮೇಲೆ ಬಂದ ಮೇಲೆ ಪ್ಲಗ್ ಹತ್ತಿರ ಹೋಗಲೇಬಾರದು, ಅಮ್ಮನಿಗೂ ಹೇಳು ಮಗಳೇ.

ಶೃಂಗೇರಿ_ಸೀಮೆ
ಫೈಬರ್ ಕೇಬಲ್‌ನಲ್ಲೂ ಸಿಡಿಲು ಬರುತ್ತಾ?

ಸಕಲೇಶಪುರ_ರೈಲು
ಫೈಬರ್ ಗಾಜು, ಅದರಲ್ಲಿ ಬರಲ್ಲ. ರೂಟರ್‌ನ ಅಡಾಪ್ಟರ್‌ನಲ್ಲಿ ಬರುತ್ತೆ. ಮೊದಲಿನ ತಾಮ್ರದ ಟೆಲಿಫೋನ್ ತಂತಿಯಲ್ಲಿ ಬರ್ತಿತ್ತು.

ಕೊಟ್ಟಿಗೆಹಾರದ_ಮಗಳು
ಗುರುವಾರ ಚಿಕ್ಕಮಗಳೂರಿಗೆ ಹೋಗಿ ಜ್ಯಾಕ್ ತಂದೆ, 350 ರೂಪಾಯಿ. ಚಾರ್ಜರ್ ಪಿನ್ ಹೊಳೀತಿದೆ, ಕಪ್ಪಾಗಿಲ್ಲ. ಈಗ ತಾನೇ ಹಾಕಿದ್ವಿ. ಚಾರ್ಜರ್ ಚುಚ್ಚಿದಾಗ ದೀಪ ಆರಲಿಲ್ಲ. ಐದು ನಿಮಿಷ ಕಾದು ಬಟನ್ ಒತ್ತಿದ್ರೆ ಫ್ಯಾನ್ ತಿರುಗ್ತು, ಲೋಗೋ ಬಂತು. ಅಪ್ಪ ಟಾರ್ಚ್ ಆರಿಸೋದನ್ನೇ ಮರೆತು ಹಾಗೇ ಹಿಡ್ಕೊಂಡು ನಿಂತಿದ್ರು.

ಫೈಲ್ ಹಾಗೇ ಇದೆ, 1994ರ ಮೊದಲ ಸಾಲಿನಿಂದ. ಮೊದಲು ಎರಡು ಪೆನ್‌ಡ್ರೈವ್‌ಗೆ ಹಾಕಿದೆ, ಒಂದು ನನ್ನ ಜೊತೆ ಬೆಂಗಳೂರಿಗೆ ಬರುತ್ತೆ. ನನ್ನ ಮೇಲ್‌ಗೂ ಕಳಿಸಿಕೊಂಡೆ. ಲ್ಯಾಪ್‌ಟಾಪ್ ಇಲ್ಲದ ದಿನಗಳ ಮಳೆಯನ್ನ ಅಪ್ಪ ಅಡುಗೆಮನೆ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ರು, ಅದನ್ನ ಈಗ ತುಂಬ್ತಿದ್ದಾರೆ. ಶನಿವಾರದ್ದು 85 ಸೆಂಟು.

ಚಿಪ್‌ಲೆವೆಲ್ ಅಣ್ಣ, ಮೇಷ್ಟ್ರೇ, ರೈಲು ಅವರೇ, ಎಲ್ಲರಿಗೂ ಕೈಮುಗಿದು ಧನ್ಯವಾದ. ಅಪ್ಪ ಹೇಳಿದ್ದಾರೆ, ಈ ದಾರಿಯಲ್ಲಿ ಬಂದರೆ ಯಾರೂ ಕಾಫಿ ಕುಡಿಯದೆ ಹೋಗಬಾರದಂತೆ.

ಅರೇಬಿಕಾ_ಗುಡ್ಡ
85 ಸೆಂಟಾ! ನಮಗೆ ಬರೀ 40. ಸ್ಪ್ರಿಂಕ್ಲರ್ ಹಚ್ಚಲೇಬೇಕು ಹಾಗಾದ್ರೆ.

ಶೃಂಗೇರಿ_ಸೀಮೆ
21.6 ಮಿಲಿಮೀಟರ್.

ಡೆಲ್ಟಾ_ಚನ್ನರಾಯಪಟ್ಟಣ
ಅಕ್ಕ, ಆ ಎಕ್ಸೆಲ್ ಹಾಳೆಯ ಮಾದರಿ ಮಾತ್ರ ಕಳಿಸ್ತೀರಾ, ಅಂಕಿ ಬೇಡ. ನಮ್ಮ ತಂದೆಯವರಿಗೂ ತೆಂಗಿನ ತೋಟದ ಮಳೆ ಬರೆಯೋಕೆ ಹೇಳಿದ್ದೀನಿ. ಮಳೆಮಾಪಕ ಎಲ್ಲಿ ಸಿಗುತ್ತೆ?

ಕೊಟ್ಟಿಗೆಹಾರದ_ಮಗಳು
ರಾತ್ರಿ ಕಳಿಸ್ತೀನಿ. ಮಳೆಮಾಪಕ ಮೂಡಿಗೆರೆಯಲ್ಲಿ ತೋಟದ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತೆ. ಮರದ ಕೆಳಗೆ ನೆಡಬೇಡಿ, ಸೂರಿನ ನೀರು ಚಿಮ್ಮೋ ಕಡೆಯೂ ಬೇಡ ಅಂತ ಅಪ್ಪ ಹೇಳ್ತಿದ್ದಾರೆ.